ಊರು ಬದಲಾದರೆ ತಂತಿಯ ಬಣ್ಣವೂ ಬದಲು: ವಿದ್ಯುತ್ ನಿಯಮ, ಪರವಾನಗಿ ತಿಳಿಯುವುದು ಹೇಗೆ?

ಸ್ವಿಚ್‌ಬೋರ್ಡ್ ಬಿಚ್ಚಿದಾಗ ಒಳಗೆ ಒಂದು ಕಪ್ಪು ತಂತಿ ಕಾಣುತ್ತದೆ. ಅದು ಯಾವುದು? ಭಾರತದಲ್ಲಿ ಕೆಲಸ ಕಲಿತವರು ಥಟ್ಟನೆ ‘ನ್ಯೂಟ್ರಲ್’ (ಕರೆಂಟ್ ಮರಳಿಹೋಗುವ ತಂತಿ) ಎನ್ನುತ್ತಾರೆ. ಅಮೆರಿಕದಲ್ಲಿ ಕಲಿತವರಿಗೆ ಅದು ಫೇಸ್, ಅಂದರೆ ಕರೆಂಟ್ ಹೊತ್ತು ತರುವ ತಂತಿ. ಅಲ್ಲಿ ನ್ಯೂಟ್ರಲ್ ಬಿಳಿ. ಜಪಾನಿನಲ್ಲೂ ಕಪ್ಪು ಎಂದರೆ ಫೇಸ್. ಬ್ರಿಟನ್ನಿನಲ್ಲಾದರೆ ವೈರಿಂಗ್ ಯಾವ ವರ್ಷದ್ದು ಎಂದು ಕೇಳಬೇಕು. 2004ಕ್ಕೆ ಮುಂಚಿನದಾದರೆ ಕಪ್ಪು ನ್ಯೂಟ್ರಲ್. 2006ರ ನಂತರದ ಮೂರು ಫೇಸಿನ ಸಂಪರ್ಕವಾದರೆ ಕಂದು, ಕಪ್ಪು, ಬೂದು ಮೂರೂ ಫೇಸ್, ನೀಲಿ ನ್ಯೂಟ್ರಲ್. ಹಳೆಯ ಪದ್ಧತಿಯಲ್ಲಿ ಅದೇ ನೀಲಿ ಮೂರನೆಯ ಫೇಸ್ ಆಗಿತ್ತು. ಅಂದರೆ ಒಂದೇ ದೇಶದಲ್ಲಿ, ಎರಡು ವರ್ಷಗಳ ಅವಧಿಯಲ್ಲಿ, ಎರಡು ಬಣ್ಣಗಳು ತಮ್ಮ ಜಾಗ ಅದಲು ಬದಲು ಮಾಡಿಕೊಂಡವು.

ವಿದ್ಯುತ್ತಿನ ಗುಣ ಎಲ್ಲೆಡೆಯೂ ಒಂದೇ, ಅದರ ಸುತ್ತ ಮನುಷ್ಯರು ಕಟ್ಟಿದ ನಿಯಮ ಮಾತ್ರ ಊರೂರಿಗೆ ಬೇರೆ. ಏನೂ ಗೊತ್ತಿಲ್ಲದವನು ಹೆದರಿ ದೂರ ನಿಲ್ಲುತ್ತಾನೆ. ಒಂದು ಕಡೆ ಚೆನ್ನಾಗಿ ಕಲಿತು, ಆ ಧೈರ್ಯದಲ್ಲೇ ಇನ್ನೊಂದು ಕಡೆ ಕೈ ಹಾಕುವವನಿಗೆ ಅಪಾಯ ಹೆಚ್ಚು ಎಂಬುದು ನನ್ನ ಖಚಿತ ಅಭಿಪ್ರಾಯ. ಹೊಸ ಊರಿನಲ್ಲಿ ಮನೆ ಕಟ್ಟಿಸುವವರಿರಲಿ, ಹಳೆಯ ಮನೆ ಕೊಂಡವರಿರಲಿ, ಕೆಲಸ ಹುಡುಕಿ ಹೊರಟ ಎಲೆಕ್ಟ್ರಿಷಿಯನ್ ಇರಲಿ, ಅಲ್ಲಿನ ನಿಯಮವನ್ನು ಈ ಕ್ರಮದಲ್ಲಿ ವಿಚಾರಿಸುತ್ತ ಹೋಗಬಹುದು.

ಹೆಜ್ಜೆ 1: ಪುಸ್ತಕ ಯಾವುದು, ಕಾನೂನು ಯಾವುದು?

ಸುರಕ್ಷತಾ ಸಂಹಿತೆಯ ಪುಸ್ತಕ ತಾನಾಗಿಯೇ ಕಾನೂನಲ್ಲ. ಹೆಚ್ಚಿನ ಗೊಂದಲ ಹುಟ್ಟುವುದು ಇಲ್ಲಿಯೇ. ಅಮೆರಿಕದ ‘ನ್ಯಾಷನಲ್ ಎಲೆಕ್ಟ್ರಿಕಲ್ ಕೋಡ್’ ಮೊದಲು ಹೊರಬಂದದ್ದು 1897ರಲ್ಲಿ. ಹೆಸರಿನಲ್ಲಿ ‘ನ್ಯಾಷನಲ್’ ಇದ್ದರೂ ಅದನ್ನು ಪ್ರಕಟಿಸುವುದು ಅಗ್ನಿ ಸುರಕ್ಷತೆಗೆ ದುಡಿಯುವ ಒಂದು ಖಾಸಗಿ ಸಂಘ. ಮೂರು ವರ್ಷಕ್ಕೊಮ್ಮೆ ಹೊಸ ಆವೃತ್ತಿ ಬರುತ್ತದೆ. ರಾಜ್ಯವೋ ನಗರವೋ ಅದನ್ನು ಅಂಗೀಕರಿಸಿದ ಮೇಲಷ್ಟೇ ಅದಕ್ಕೆ ಕಾನೂನಿನ ಬಲ. ಹೀಗಾಗಿ ಅಕ್ಕಪಕ್ಕದ ಎರಡು ರಾಜ್ಯಗಳಲ್ಲಿ ಬೇರೆ ಬೇರೆ ವರ್ಷದ ಆವೃತ್ತಿಗಳು ಜಾರಿಯಲ್ಲಿರುವುದು ಅಲ್ಲಿ ಮಾಮೂಲು. ಅಂಗೀಕರಿಸುವಾಗ ತಿದ್ದುಪಡಿಯನ್ನೂ ಸೇರಿಸುತ್ತಾರೆ. ಆ ದೇಶದ ಬಹುತೇಕ ಕಡೆ ಮನೆಗಳಲ್ಲಿ ಪ್ಲಾಸ್ಟಿಕ್ ಹೊದಿಕೆಯ ಕೇಬಲ್ಲನ್ನು ನೇರವಾಗಿ ಗೋಡೆಯೊಳಗೆ ಎಳೆಯಬಹುದು. ಆದರೆ ಷಿಕಾಗೋ ನಗರದಲ್ಲಿ ತಂತಿ ಲೋಹದ ಕೊಳವೆಯೊಳಗೇ ಹೋಗಬೇಕು.

ಬ್ರಿಟನ್ನಿನ ವೈರಿಂಗ್ ಪುಸ್ತಕ ಬಿಎಸ್ 7671 ಕೂಡ ಶಾಸನವಲ್ಲ, ಮಾನಕ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಮನೆಯ ವೈರಿಂಗ್ ಕಾನೂನಿನ ಹಿಡಿತಕ್ಕೆ ಬಂದದ್ದು 2005ರಲ್ಲಿ, ಕಟ್ಟಡ ನಿಯಮಗಳ ‘ಪಾರ್ಟ್ ಪಿ’ ಮೂಲಕ. 2013ರಲ್ಲಿ ಇಂಗ್ಲೆಂಡ್, ಕಟ್ಟಡ ನಿಯಂತ್ರಣ ಕಚೇರಿಗೆ ತಿಳಿಸಲೇಬೇಕಾದ ಕೆಲಸಗಳ ಪಟ್ಟಿಯನ್ನು ಮೊಟಕುಗೊಳಿಸಿತು. ವೇಲ್ಸ್ ಉದ್ದನೆಯ ಪಟ್ಟಿಯನ್ನೇ ಉಳಿಸಿಕೊಂಡಿತು. ಸ್ಕಾಟ್ಲೆಂಡಿನ ಕಟ್ಟಡ ನಿಯಮಗಳು ಬೇರೆಯೇ. ಇತ್ತ ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡ್ ಎರಡು ದೇಶಗಳಾದರೂ ‘ಎಎಸ್/ಎನ್‌ಜೆಡ್‌ಎಸ್ 3000’ ಎಂಬ ಒಂದೇ ವೈರಿಂಗ್ ಮಾನಕವನ್ನು ಹಂಚಿಕೊಂಡಿವೆ. ಜರ್ಮನಿಗೆ ವಿಡಿಇ 0100, ಫ್ರಾನ್ಸಿಗೆ ಎನ್‌ಎಫ್ ಸಿ 15-100. ಯುರೋಪಿನ ಈ ಪುಸ್ತಕಗಳ ಹಿಂದೆ 1906ರಲ್ಲಿ ಸ್ಥಾಪನೆಯಾದ ಅಂತರರಾಷ್ಟ್ರೀಯ ಎಲೆಕ್ಟ್ರೋಟೆಕ್ನಿಕಲ್ ಆಯೋಗದ 60364 ಎಂಬ ಮಾನಕದ ಚೌಕಟ್ಟಿದೆ. ಆದರೆ ಪ್ರತಿಯೊಂದು ದೇಶವೂ ಅದಕ್ಕೆ ತನ್ನ ವಿನಾಯಿತಿ, ತನ್ನ ಸೇರ್ಪಡೆಗಳನ್ನು ಜೋಡಿಸಿದೆ.

ಆದ್ದರಿಂದ ‘ಇಲ್ಲಿ ಯಾವ ಕೋಡ್?’ ಎಂದು ಕೇಳಿ ನಿಲ್ಲಬೇಡಿ. ಯಾವ ಆವೃತ್ತಿ, ಯಾವ ತಿದ್ದುಪಡಿಗಳೊಂದಿಗೆ, ಯಾವ ದಿನಾಂಕದಿಂದ ಜಾರಿಯಲ್ಲಿದೆ ಎಂದು ಕೇಳಿ. ಹಳೆಯ ಮನೆಯಾದರೆ ಇನ್ನೊಂದು ವಿಷಯವಿದೆ. ಸಾಮಾನ್ಯವಾಗಿ ಹಳೆಯ ವೈರಿಂಗನ್ನು ಅದು ಆದ ಕಾಲದ ನಿಯಮದಿಂದ ಅಳೆಯುತ್ತಾರೆ. ಹೊಸದಾಗಿ ಸೇರಿಸುವ ಭಾಗ ಮಾತ್ರ ಇಂದಿನ ನಿಯಮಕ್ಕೆ ಹೊಂದಬೇಕು. ‘ಅಕ್ರಮವಲ್ಲ’ ಎಂಬುದಕ್ಕೂ ‘ಸುರಕ್ಷಿತ’ ಎಂಬುದಕ್ಕೂ ಇರುವ ಅಂತರ ಹಳೆಯ ಮನೆಗಳಲ್ಲಿ ಎದ್ದು ಕಾಣುತ್ತದೆ.

ಹೆಜ್ಜೆ 2: ನಿಯಮ ಏಕೆ ಬೇರೆ ಎಂದು ತಿಳಿಯಿರಿ

ಇದು ಕುತೂಹಲಕ್ಕಾಗಿ ಮಾತ್ರ ತಿಳಿಯುವ ವಿಷಯವಲ್ಲ. ಕಾರಣ ಗೊತ್ತಿದ್ದರೆ ನಿಯಮ ಮರೆಯುವುದಿಲ್ಲ.

ಬ್ರಿಟನ್ನಿನ ಮೂರು ಕಡ್ಡಿಯ ಪ್ಲಗ್ಗಿನೊಳಗೆ ಒಂದು ಪುಟ್ಟ ಫ್ಯೂಸ್ ಇರುತ್ತದೆ. ಎರಡನೆಯ ಮಹಾಯುದ್ಧದ ನಂತರ ತಾಮ್ರದ ಕೊರತೆಯಿದ್ದ ಕಾಲದಲ್ಲಿ, ಹಲವು ಸಾಕೆಟ್‌ಗಳನ್ನು ಒಂದೇ ಬಳೆಯಂತೆ ಸುತ್ತಿಬರುವ ರಿಂಗ್ ಸರ್ಕ್ಯೂಟಿಗೆ ಜೋಡಿಸುವ ಪದ್ಧತಿ ಅಲ್ಲಿ ಬಂತು. ಇಂದಿನ ರಿಂಗಿಗೆ ರಕ್ಷಣೆ ಕೊಡುವುದು 32 ಆಂಪಿಯರಿನ ಬ್ರೇಕರ್. ದೀಪವೊಂದರ ತೆಳ್ಳನೆಯ ವೈರಿಗೆ ಅಷ್ಟು ದೊಡ್ಡ ಬ್ರೇಕರ್ ರಕ್ಷಣೆ ಕೊಡಲಾರದು. ಅದು ಟ್ರಿಪ್ ಆಗುವ ಹೊತ್ತಿಗೆ ವೈರು ಸುಟ್ಟಿರುತ್ತದೆ. ಆ ವೈರನ್ನು ಕಾಯುವುದು ಪ್ಲಗ್ಗಿನ 3 ಅಥವಾ 13 ಆಂಪಿಯರ್ ಫ್ಯೂಸ್. ಬೇರೆ ದೇಶದ ಪ್ಲಗ್ಗನ್ನು ಫ್ಯೂಸ್ ಇಲ್ಲದ ಅಡಾಪ್ಟರಿನ ಮೂಲಕ ಅಲ್ಲಿ ಚುಚ್ಚಿದರೆ ಆ ಕಾವಲು ತಪ್ಪುತ್ತದೆ.

ಸೋರಿಕೆ ವಿದ್ಯುತ್ತನ್ನು ಗುರುತಿಸಿ ಸಂಪರ್ಕ ಕಡಿಯುವ ಸಾಧನವನ್ನೂ ನೋಡಿ. ಅಮೆರಿಕದಲ್ಲಿ ಜನರ ರಕ್ಷಣೆಗೆ ಹಾಕುವ ಜಿಎಫ್‌ಸಿಐ ಸುಮಾರು 5 ಮಿಲಿಆಂಪಿಯರಿಗೆ ಕಡಿಯುತ್ತದೆ. ಯುರೋಪು, ಭಾರತ, ಆಸ್ಟ್ರೇಲಿಯಾಗಳಲ್ಲಿ ಅದೇ ಉದ್ದೇಶಕ್ಕೆ ಹಾಕುವ ಆರ್‌ಸಿಡಿಯ ಮಿತಿ ಸಾಮಾನ್ಯವಾಗಿ 30 ಮಿಲಿಆಂಪಿಯರ್. 5 ಮಿಲಿಆಂಪಿಯರಿನ ಲೆಕ್ಕ, ಶಾಕ್ ಹೊಡೆದಾಗ ಸ್ನಾಯು ಸೆಟೆದು ಹಿಡಿದದ್ದನ್ನು ಬಿಡಲಾಗದ ಸ್ಥಿತಿ ಬರದಂತೆ ನೋಡಿಕೊಳ್ಳುತ್ತದೆ. 30ರ ಲೆಕ್ಕ, ಹೃದಯದ ಬಡಿತ ಅಸ್ತವ್ಯಸ್ತವಾಗುವ ಮೊದಲೇ ಸಂಪರ್ಕ ಕಡಿಯುತ್ತದೆ. ಎರಡೂ ಜೀವ ಉಳಿಸುವ ಲೆಕ್ಕಗಳೇ. ಆದರೆ ಒಂದರ ಬದಲು ಇನ್ನೊಂದನ್ನು ತಂದು ಹಾಕುವುದು ತಪ್ಪು.

ವೋಲ್ಟೇಜ್, ಫ್ರೀಕ್ವೆನ್ಸಿಗಳ ವ್ಯತ್ಯಾಸ ಬಹಳ ಮಂದಿಗೆ ಗೊತ್ತು: ಬಹುಪಾಲು ಜಗತ್ತಿಗೆ 230 ವೋಲ್ಟ್ 50 ಹರ್ಟ್ಸ್, ಉತ್ತರ ಅಮೆರಿಕಕ್ಕೆ 120/240 ವೋಲ್ಟ್ 60 ಹರ್ಟ್ಸ್. ಜಪಾನಿನಲ್ಲಿ 100 ವೋಲ್ಟ್. ಅದೂ ದೇಶದ ಪೂರ್ವಕ್ಕೆ 50 ಹರ್ಟ್ಸ್, ಪಶ್ಚಿಮಕ್ಕೆ 60.

ಹೆಜ್ಜೆ 3: ಪರವಾನಗಿ ಯಾರು ಕೊಡುತ್ತಾರೆ, ಯಾವುದಕ್ಕೆ ಕೊಡುತ್ತಾರೆ?

ಇಲ್ಲಿ ನಿಧಾನವಾಗಿ ಹೋಗಬೇಕು. ಏಕೆಂದರೆ ‘ಲೈಸೆನ್ಸ್’ ಎಂಬ ಒಂದೇ ಮಾತಿನಡಿ ಎರಡು ಬೇರೆ ವಿಷಯಗಳಿವೆ: ಕೆಲಸಗಾರನ ಕೈಕುಶಲತೆಗೆ ಕೊಡುವ ಪ್ರಮಾಣಪತ್ರ, ಮತ್ತು ಗುತ್ತಿಗೆ ಹಿಡಿದು ವ್ಯಾಪಾರ ಮಾಡಲು ಕೊಡುವ ಅನುಮತಿ. ಹಲವು ಕಡೆ ಇವೆರಡೂ ಪ್ರತ್ಯೇಕ. ಒಂದನ್ನು ತೋರಿಸಿ ಇನ್ನೊಂದು ಇದೆ ಎಂದು ಹೇಳುವಂತಿಲ್ಲ.

ಭಾರತದಲ್ಲಿ ಸುರಕ್ಷತಾ ನಿಯಮ ಕೇಂದ್ರ ವಿದ್ಯುತ್ ಪ್ರಾಧಿಕಾರದ್ದು. 2010ರ ನಿಯಮಗಳ ಜಾಗಕ್ಕೆ 2023ರ ನಿಯಮಗಳು ಬಂದಿವೆ. ಪರವಾನಗಿ ಕೊಡುವುದು ಮಾತ್ರ ರಾಜ್ಯ ಸರ್ಕಾರ. ವೈರ್‌ಮನ್, ಮೇಲ್ವಿಚಾರಕ, ಗುತ್ತಿಗೆದಾರ ಎಂಬ ಮೂರು ಮೆಟ್ಟಿಲುಗಳಿವೆ. ಅಮೆರಿಕದಲ್ಲಿ ಇಡೀ ದೇಶಕ್ಕೆ ಸಲ್ಲುವ ಎಲೆಕ್ಟ್ರಿಷಿಯನ್ ಪರವಾನಗಿ ಎಂಬುದೇ ಇಲ್ಲ. ಟೆಕ್ಸಸ್‌ನಲ್ಲಿ ರಾಜ್ಯವೇ ಕೊಡುತ್ತದೆ: ‘ಜರ್ನಿಮನ್’ (ತರಬೇತಿ ಮುಗಿಸಿದ ಕೆಲಸಗಾರ) ಆಗಲು ಮೇಲ್ವಿಚಾರಣೆಯಡಿ 8,000 ಗಂಟೆ, ಅದರ ಮೇಲಿನ ದರ್ಜೆಯ ‘ಮಾಸ್ಟರ್’ ಆಗಲು 12,000 ಗಂಟೆ ದುಡಿದಿರಬೇಕು, ಜೊತೆಗೆ ಪರೀಕ್ಷೆ ಪಾಸಾಗಬೇಕು. ಇಲಿನಾಯ್, ಪೆನ್ಸಿಲ್ವೇನಿಯಾಗಳಲ್ಲಿ ಈ ಅಧಿಕಾರ ನಗರ, ಪಟ್ಟಣಗಳ ಕೈಯಲ್ಲಿದೆ.

ಜಪಾನಿನದು ರಾಷ್ಟ್ರಮಟ್ಟದ ಅರ್ಹತೆ. 1960ರ ಕಾನೂನಿನಡಿ ಎಲೆಕ್ಟ್ರಿಷಿಯನ್‌ಗಳಲ್ಲಿ ಒಂದನೆಯ ದರ್ಜೆ, ಎರಡನೆಯ ದರ್ಜೆ ಎಂದಿದೆ. ಮನೆ, ಸಣ್ಣ ಅಂಗಡಿಗಳ ವೈರಿಂಗಿಗೆ ಎರಡನೆಯದು ಸಾಕು. ಜರ್ಮನಿಯಲ್ಲಿ ಕಟ್ಟಡದ ವೈರಿಂಗ್ ಕೆಲಸ ಮಾಡುವ ಸಂಸ್ಥೆ, ವಿದ್ಯುತ್ ಜಾಲ ನಡೆಸುವ ಕಂಪನಿಯ ದಾಖಲೆ ಪುಸ್ತಕದಲ್ಲಿ ನೋಂದಾಯಿತವಾಗಿರಬೇಕು. ಬ್ರಿಟನ್ನಿನ ಪದ್ಧತಿ ಅಚ್ಚರಿ ತರುತ್ತದೆ: ಅಲ್ಲಿ ಯಾರು ಬೇಕಾದರೂ ತಮ್ಮನ್ನು ಎಲೆಕ್ಟ್ರಿಷಿಯನ್ ಎಂದು ಕರೆದುಕೊಳ್ಳಬಹುದು. ಕಾನೂನಿನ ಪರವಾನಗಿಯ ಬದಲು ಸರ್ಕಾರ ಮಾನ್ಯ ಮಾಡಿದ ‘ಅರ್ಹ ವ್ಯಕ್ತಿ’ ಯೋಜನೆಗಳಿವೆ. ಅದರಲ್ಲಿ ನೋಂದಾಯಿಸಿಕೊಂಡವರು ತಮ್ಮ ಕೆಲಸಕ್ಕೆ ತಾವೇ ಪ್ರಮಾಣಪತ್ರ ಕೊಡಬಹುದು. ನೋಂದಾಯಿಸಿಕೊಳ್ಳದವರು ಸ್ಥಳೀಯ ಕಟ್ಟಡ ನಿಯಂತ್ರಣ ಕಚೇರಿಗೆ ಮೊದಲೇ ತಿಳಿಸಬೇಕು.

ಕೆಲಸಕ್ಕೆ ಕರೆಯುವವರು ಮಾಡಬೇಕಾದದ್ದು ಇಷ್ಟು. ಪರವಾನಗಿಯ ಸಂಖ್ಯೆ ಕೇಳಿ. ಅದನ್ನು ಕೊಟ್ಟ ಕಚೇರಿಯ ಜಾಲತಾಣದಲ್ಲೋ ಫೋನಿನಲ್ಲೋ ನೀವೇ ಪರಿಶೀಲಿಸಿ. ಜೆರಾಕ್ಸ್ ಪ್ರತಿ ನೋಡಿ ತೃಪ್ತರಾಗಬೇಡಿ. ಅವಧಿ ಮುಗಿದಿಲ್ಲವೇ, ನಿಮ್ಮ ಕೆಲಸ ಆ ದರ್ಜೆಯೊಳಗೆ ಬರುತ್ತದೆಯೇ, ಹೆಸರು ಮನೆಗೆ ಬಂದವರದ್ದೇ ಅಥವಾ ಅವರನ್ನು ಕಳಿಸಿದವರದ್ದೇ ಎಂದು ನೋಡಿ. ಪರವಾನಗಿ ಒಬ್ಬರದ್ದು, ತಂತಿ ಎಳೆಯುವುದು ಇನ್ನೊಬ್ಬರು ಎಂದಾದರೆ ಮೇಲ್ವಿಚಾರಣೆ ಯಾರದ್ದು ಎಂದು ಕೇಳಲು ಸಂಕೋಚಪಡಬೇಡಿ. ನಿಜವಾದ ಕೆಲಸಗಾರರು ಈ ಪ್ರಶ್ನೆಗೆ ಬೇಸರಪಡುವುದಿಲ್ಲ.

ಹೆಜ್ಜೆ 4: ನೀವೇ ಎಷ್ಟು ಮಾಡಬಹುದು?

ಬಲ್ಬ್ ಬದಲಿಸುವುದಕ್ಕೆ ಯಾರೂ ಅಡ್ಡಿಪಡಿಸುವುದಿಲ್ಲ. ಅದರಾಚೆ ಗೆರೆ ಎಲ್ಲಿದೆ ಎಂಬುದು ಊರಿಗೊಂದು ಬಗೆ. ಆಸ್ಟ್ರೇಲಿಯಾದಲ್ಲಿ ಗೋಡೆಯಲ್ಲಿ ಕೂತ ವೈರಿಂಗನ್ನು ಮನೆಯೊಡೆಯ ಮುಟ್ಟುವುದು ಕಾನೂನುಬಾಹಿರ. ಮಾನಕವನ್ನು ಹಂಚಿಕೊಂಡ ನ್ಯೂಜಿಲೆಂಡಿನಲ್ಲಿ ಸ್ವಂತ ಮನೆಯ ಕೆಲವು ಕೆಲಸಗಳಿಗೆ ಅವಕಾಶವಿದೆ; ಹೊಸದಾಗಿ ವೈರ್ ಎಳೆದರೆ ಸಂಪರ್ಕ ಕೊಡುವ ಮೊದಲು ಪರವಾನಗಿ ಪಡೆದ ಪರಿವೀಕ್ಷಕರು ಪರೀಕ್ಷಿಸಬೇಕು. ಅಮೆರಿಕದ ಹಲವು ಕಡೆ ತಾವೇ ವಾಸಿಸುವ ಮನೆಗೆ ಅನುಮತಿ ಪತ್ರ ಪಡೆದು ಕೆಲಸ ಮಾಡಬಹುದು, ಬಾಡಿಗೆ ಮನೆಗೆ ಇದು ಸಾಮಾನ್ಯವಾಗಿ ಸಲ್ಲದು. ಅನುಮತಿಯಿಲ್ಲದೆ ಮಾಡಿದ ಕೆಲಸ ಮನೆ ಮಾರುವಾಗ, ವಿಮೆಯ ಪರಿಹಾರ ಕೇಳುವಾಗ ತೊಡಕಾಗುತ್ತದೆ.

ಹೆಜ್ಜೆ 5: ಗೋಡೆ ಮುಚ್ಚುವ ಮೊದಲು ತಪಾಸಣೆ

ಪ್ಲಾಸ್ಟರ್ ಆದ ಮೇಲೆ ಒಳಗಿನ ಜೋಡಣೆ ಯಾರಿಗೂ ಕಾಣದು. ಹಾಗಾಗಿ ತಪಾಸಣೆ ಕಡ್ಡಾಯವಿರುವ ಹಲವು ಕಡೆ ಎರಡು ಬಾರಿ ನೋಡುತ್ತಾರೆ: ತಂತಿ ಎಳೆದಾದ ಮೇಲೆ ಗೋಡೆ ತೆರೆದಿರುವಾಗ ಒಮ್ಮೆ, ಎಲ್ಲ ಮುಗಿದ ಮೇಲೆ ಇನ್ನೊಮ್ಮೆ. ಫ್ರಾನ್ಸಿನಲ್ಲಿ ‘ಕೊನ್ಸುಎಲ್’ ಎಂಬ ಸಂಸ್ಥೆಯ ಮುದ್ರೆ ಬಿದ್ದ ಪ್ರಮಾಣಪತ್ರವಿಲ್ಲದೆ ಹೊಸ ಮನೆಗೆ ವಿದ್ಯುತ್ ಸಂಪರ್ಕ ಸಿಗುವುದಿಲ್ಲ. ನಿಮ್ಮಲ್ಲಿ ಒಂದೇ ತಪಾಸಣೆ ಸಾಕೆಂದಿದ್ದರೂ, ತೆರೆದ ಗೋಡೆಗಳ ಫೋಟೊ ತೆಗೆದಿಟ್ಟುಕೊಳ್ಳಿ. ಮುಂದೆ ಮೊಳೆ ಹೊಡೆಯುವಾಗ ಅದರ ಬೆಲೆ ತಿಳಿಯುತ್ತದೆ.

ಪ್ರಮಾಣಪತ್ರ ಕೈಗೆ ಬಂದಾಗ ಸಹಿ ಇದೆಯೇ ಎಂದಷ್ಟೇ ನೋಡಬೇಡಿ. ಅಳತೆಯ ಅಂಕಿಗಳಿವೆಯೇ ನೋಡಿ. ಅಂತರರಾಷ್ಟ್ರೀಯ ಮಾನಕವನ್ನು ಅನುಸರಿಸುವ ಕಡೆ 230 ವೋಲ್ಟಿನ ಸರ್ಕ್ಯೂಟಿನ ಇನ್ಸುಲೇಷನ್ (ತಂತಿಯ ಹೊದಿಕೆ) ಪರೀಕ್ಷೆಯನ್ನು 500 ವೋಲ್ಟ್ ಡಿಸಿಯಲ್ಲಿ ಮಾಡುತ್ತಾರೆ. ವಿದ್ಯುತ್ತಿಗೆ ಅದು ಒಡ್ಡುವ ತಡೆ ಕನಿಷ್ಠ 1 ಮೆಗಓಮ್ ಬರಬೇಕು. ಅರ್ಥಿಂಗ್‌ನ ನಿರಂತರತೆ (ಅರ್ಥ್ ತಂತಿ ಎಲ್ಲೂ ತುಂಡಾಗಿಲ್ಲ ಎಂಬುದರ ಅಳತೆ), ಆರ್‌ಸಿಡಿ ಕಡಿಯಲು ತೆಗೆದುಕೊಂಡ ಸಮಯ ಇವೂ ಬರೆದಿರಬೇಕು. ಅಂಕಿಯಿಲ್ಲದ ಪ್ರಮಾಣಪತ್ರ ಎಂದರೆ ಮೀಟರ್ ಹಿಡಿಯದೆ ಬರೆದದ್ದು ಎಂದೇ ನಾನು ತಿಳಿಯುತ್ತೇನೆ.

ಹೆಜ್ಜೆ 6: ಕೆಲಸ ಹುಡುಕಿ ಹೊರಟ ಎಲೆಕ್ಟ್ರಿಷಿಯನ್‌ಗಳಿಗೆ

ನಿಮ್ಮ ಪರವಾನಗಿ ಗಡಿ ದಾಟುತ್ತದೆಯೇ ಎಂದು ಹೊರಡುವ ಮೊದಲೇ ತಿಳಿಯಿರಿ. ಕೆನಡಾದಲ್ಲಿ 1959ರಿಂದ ನಡೆದುಬಂದ ‘ರೆಡ್ ಸೀಲ್’ ಅರ್ಹತೆ ಒಂದು ಪ್ರಾಂತದಿಂದ ಇನ್ನೊಂದಕ್ಕೆ ಹೋಗುವವರ ದಾರಿ ಸುಗಮ ಮಾಡುತ್ತದೆ. ಆಸ್ಟ್ರೇಲಿಯಾದ ರಾಜ್ಯಗಳ ನಡುವೆ, ಹಾಗೂ ನ್ಯೂಜಿಲೆಂಡಿನೊಂದಿಗೆ, ಪರಸ್ಪರ ಮಾನ್ಯತೆಯ ಕಾನೂನುಗಳಿವೆ. ಯುರೋಪಿಯನ್ ಒಕ್ಕೂಟದೊಳಗೆ ವೃತ್ತಿ ಅರ್ಹತೆಗಳ ಮಾನ್ಯತೆಗೆ 2005ರ ನಿರ್ದೇಶನವಿದೆ. ಅಮೆರಿಕದಲ್ಲಿ ಕೆಲವು ರಾಜ್ಯಗಳು ಜೋಡಿ ಜೋಡಿಯಾಗಿ ಒಪ್ಪಂದ ಮಾಡಿಕೊಂಡಿವೆ. ಈ ಯಾವ ವ್ಯವಸ್ಥೆಯೂ ಇಲ್ಲದಿದ್ದರೆ ನಿಮ್ಮ ಅನುಭವವನ್ನು ಕಾಗದದಲ್ಲಿ ಸಾಬೀತುಪಡಿಸಬೇಕು. ಎಲ್ಲಿ, ಎಷ್ಟು ಗಂಟೆ, ಯಾರ ಮೇಲ್ವಿಚಾರಣೆಯಲ್ಲಿ, ಮನೆ ಕೆಲಸವೋ ಕಾರ್ಖಾನೆಯದೋ ಎಂದು ಬರೆದು ಸಹಿ ಹಾಕಿದ ಪತ್ರವನ್ನು ಕೆಲಸ ಬಿಡುವ ದಿನವೇ ಪಡೆಯಿರಿ. ವರ್ಷಗಳ ನಂತರ ಆ ಸಹಿಗಾಗಿ ಅಲೆಯುವುದು ಬಲು ಕಷ್ಟ.

ಹೊಸ ಊರಿನ ಪುಸ್ತಕವನ್ನು ಓದಿ, ಪರೀಕ್ಷೆ ಪಾಸಾದ ಮೇಲೂ ಕೈ ಹಳೆಯ ಅಭ್ಯಾಸಕ್ಕೇ ಹೋಗುತ್ತದೆ. ಕಪ್ಪು ತಂತಿ ಕಂಡಾಗ ಮನಸ್ಸು ಮೊದಲು ಕಲಿತದ್ದನ್ನೇ ಹೇಳುತ್ತದೆ. ಆದ್ದರಿಂದ ಮೇನ್ ಆಫ್ ಮಾಡಿ, ಬೇರೆಯವರು ಆನ್ ಮಾಡದಂತೆ ಬೀಗ ಹಾಕಿ. ಎರಡು ಮೊನೆಯ ವೋಲ್ಟೇಜ್ ಟೆಸ್ಟರನ್ನು ಮೊದಲು ಕರೆಂಟ್ ಇರುವುದು ಖಚಿತವಾದ ಕಡೆ ಹಿಡಿದು ಅದು ಕೆಲಸ ಮಾಡುತ್ತಿದೆಯೇ ನೋಡಿ. ಬಳಿಕ ಪೆಟ್ಟಿಗೆಯೊಳಗಿನ ಪ್ರತಿ ತಂತಿಯನ್ನೂ ಉಳಿದ ತಂತಿಗಳೊಂದಿಗೆ, ಅರ್ಥ್‌ನೊಂದಿಗೆ ಪರೀಕ್ಷಿಸಿ. ಕೊನೆಯಲ್ಲಿ ಟೆಸ್ಟರನ್ನು ಮತ್ತೆ ಕರೆಂಟ್ ಇರುವ ಕಡೆ ಹಿಡಿದು, ಮಧ್ಯದಲ್ಲಿ ಅದು ಕೆಟ್ಟಿಲ್ಲವೆಂದು ಖಚಿತಪಡಿಸಿಕೊಂಡ ಮೇಲೆ ತಂತಿಯನ್ನು ಮುಟ್ಟಿ.