ಮನೆ ವೈನ್, ಕೆಎಂಎಸ್ ಪುಡಿ ಮತ್ತು ಮರುದಿನದ ತಲೆನೋವು

ಮೂಡಿಗೆರೆ, ಕೊಪ್ಪದ ಕಡೆಯ ತೋಟದ ಮನೆಗಳಲ್ಲಿ ಭರಣಿಯಲ್ಲಿಟ್ಟ ದ್ರಾಕ್ಷಿ ವೈನ್ ಕುಡಿದು ತಲೆ ಸಿಡಿದರೆ ಬೈಗುಳ ಬೀಳುವುದು ಕೆಎಂಎಸ್‌ಗೆ, ಅಂದರೆ ವೈನ್ ಕೆಡದಂತೆ ಹಾಕುವ ಪೊಟ್ಯಾಸಿಯಂ ಮೆಟಾಬೈಸಲ್ಫೈಟ್ ಎಂಬ ಸಲ್ಫೈಟ್ ಪುಡಿಗೆ. ಅಂಗಡಿ ಬಾಟಲಿಯ ಮೇಲೆ 224 ಎಂದು ಬರೆದಿರುವುದೂ ಇದೇ. ಆದರೆ ಸಾಮಾನ್ಯವಾಗಿ ಕೆಂಪಿಗಿಂತ ಬಿಳಿ ವೈನ್‌ಗೇ ಸಲ್ಫೈಟ್ ಜಾಸ್ತಿ ಬೀಳುತ್ತದೆ; ತಲೆನೋವಿನ ದೂರು ಮಾತ್ರ ಹೆಚ್ಚಾಗಿ ಕೆಂಪಿನ ಮೇಲೆ. ಸಲ್ಫೈಟ್ ಆಗಿಬರದವರನ್ನು ಕಾಡುವುದು ಮುಖ್ಯವಾಗಿ ಉಬ್ಬಸ, ಎದೆ ಬಿಗಿತ. ಅಂಥವರಿಗೆ ಹೊಳೆಯುವ ಕಿತ್ತಳೆ ಬಣ್ಣದ ಒಣ ಆಪ್ರಿಕಾಟ್ ಕೂಡ ವರ್ಜ್ಯ; ಅದರಲ್ಲಿ ಸಲ್ಫೈಟ್ ವೈನಿಗಿಂತ ಎಷ್ಟೋ ಪಾಲು ಹೆಚ್ಚು.

ಹಾಗೆಂದು ಪುಡಿಯನ್ನು ಕಣ್ಣಂದಾಜಿಗೆ ಸುರಿಯಬಾರದು. ಒಂದು ಟೀ ಚಮಚಕ್ಕೆ ಸುಮಾರು 5 ಗ್ರಾಂ ಬರುತ್ತದೆ. 5 ಲೀಟರ್ ವೈನ್‌ಗೆ ಅಷ್ಟು ಹಾಕಿದರೆ ಪುಡಿಯಿಂದ ಹೊಮ್ಮುವ ಸಲ್ಫರ್ ಡೈಆಕ್ಸೈಡ್ ಲೀಟರಿಗೆ 570 ಮಿಲಿಗ್ರಾಂ ದಾಟುತ್ತದೆ. ಐರೋಪ್ಯ ಒಕ್ಕೂಟದಲ್ಲಿ ಸಿಹಿಯಿಲ್ಲದ ಕೆಂಪು ವೈನ್‌ಗೆ ಮಿತಿ 150.

ಸರಿಯಾದ ದಾರಿ ಹೀಗೆ. 10 ಗ್ರಾಂ ಕೆಎಂಎಸ್ ತೂಗಿ, ಕುದಿಸಿ ಆರಿಸಿದ ನೀರಿನಲ್ಲಿ ಕರಗಿಸಿ, ಒಟ್ಟು 100 ಎಂಎಲ್ ಮಾಡಿ. ಕಿಟಕಿ ತೆಗೆದಿರಲಿ, ಘಾಟು ಎಳೆದುಕೊಳ್ಳಬೇಡಿ. ಈ ದ್ರಾವಣದ 1 ಎಂಎಲ್‌ನಲ್ಲಿ ಸುಮಾರು 57 ಮಿಲಿಗ್ರಾಂ ಸಲ್ಫರ್ ಡೈಆಕ್ಸೈಡ್ ಇರುತ್ತದೆ. 5 ಲೀಟರ್ ವೈನ್‌ಗೆ ಸೂಜಿ ತೆಗೆದ ಸಿರಿಂಜ್‌ನಲ್ಲಿ 4.4 ಎಂಎಲ್ ಹಾಕಿದರೆ ಲೀಟರಿಗೆ 50 ಮಿಲಿಗ್ರಾಂ ಆಯಿತು, ಸಾಕು. ಗುಳ್ಳೆ ಪೂರ್ತಿ ನಿಂತು, ತಿಳಿಯನ್ನು ಗಸಿಯಿಂದ ಬೇರೆ ಮಾಡಿದ ಮೇಲೆಯೇ ಹಾಕಬೇಕು. ಹುದುಗುವಾಗ ಹಾಕಿದರೆ ಯೀಸ್ಟ್ ಬಿಡುವ ಅಸಿಟಾಲ್ಡಿಹೈಡ್ ಎಂಬ ರಾಸಾಯನಿಕಕ್ಕೆ ಅಂಟಿಕೊಂಡು ಪುಡಿ ದಂಡ. ಮಲೆನಾಡಿನ ಮಳೆಗಾಲದಲ್ಲಿ ತೇವ ಕುಡಿದು ಗಂಟುಕಟ್ಟಿದ ಹಳೇ ಪುಡಿಯನ್ನು ನಂಬಬೇಡಿ, ಶಕ್ತಿ ಕುಂದಿರುತ್ತದೆ. ದ್ರಾವಣವನ್ನೂ ಆಗಿಂದಾಗ್ಗೆ ಹೊಸದಾಗಿ ಮಾಡಿಕೊಳ್ಳಿ.

ಬಾಟಲಿ ತುಂಬುವಾಗ ಸಿಹಿಗೆ ಸಕ್ಕರೆ ಬೆರೆಸುವವರು ಲೀಟರಿಗೆ 0.2 ಗ್ರಾಂ ಪೊಟ್ಯಾಸಿಯಂ ಸೋರ್ಬೇಟನ್ನೂ ಹಾಕಬೇಕು. ಅದು ಯೀಸ್ಟನ್ನು ಕೊಲ್ಲುವುದಿಲ್ಲ, ಬೆಳೆಯದಂತೆ ತಡೆಯುತ್ತದೆ ಅಷ್ಟೆ. ಕೆಎಂಎಸ್ ಇಲ್ಲದೆ ಸೋರ್ಬೇಟ್ ಒಂದನ್ನೇ ಹಾಕಿದರೆ ಬ್ಯಾಕ್ಟೀರಿಯಾ ಅದನ್ನು ಒಡೆದು ಜಿರೇನಿಯಂ ಎಲೆಯ ವಾಸನೆ ಬರಿಸಬಹುದು. ಆ ವಾಸನೆ ಬಂದ ವೈನನ್ನು ಸರಿಪಡಿಸಲಾಗದು.

ಇನ್ನು ಕೆಂಪಿನ ತಲೆನೋವು. ದ್ರಾಕ್ಷಿ ಸಿಪ್ಪೆಯಲ್ಲಿರುವ ಕ್ವೆರ್ಸೆಟಿನ್ ಎಂಬ ಅಂಶ ದೇಹದಲ್ಲಿ ರೂಪ ಬದಲಿಸಿ, ಮದ್ಯಸಾರ ಒಡೆದಾಗ ಹುಟ್ಟಿ ತಲೆನೋವು ತರುವ ಅಸಿಟಾಲ್ಡಿಹೈಡ್ ಅನ್ನು ಕರಗಿಸುವ ಕಿಣ್ವಕ್ಕೆ ಅಡ್ಡಗಾಲು ಹಾಕುತ್ತದೆಂಬ ಊಹೆಯನ್ನು 2023ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್‌ ಸಂಶೋಧಕರು ಮುಂದಿಟ್ಟರು. ಸಿಪ್ಪೆಯನ್ನು 21 ದಿನ ನೆನೆಹಾಕುವ ಬದಲು ಐದಾರು ದಿನಕ್ಕೇ ಸೋಸಿ ನೋಡಿ. ತಲೆನೋವಿಗೆ ಖಾತ್ರಿ ಕೊಡಲಾಗದು, ಒಗರಂತೂ ತಗ್ಗುತ್ತದೆ.

ನಮ್ಮ ಅನುಮಾನ ಮೊದಲು ಸಕ್ಕರೆ ಡಬ್ಬಿಯ ಮೇಲೆ. ಲೀಟರಿಗೆ 17 ಗ್ರಾಂ ಸಕ್ಕರೆ ಹುದುಗಿದರೆ ಸುಮಾರು ಶೇ. 1 ಮದ್ಯಸಾರ ಏರುತ್ತದೆ. ಕಿಲೋಗಟ್ಟಲೆ ಸುರಿದ ಮನೆ ವೈನ್ ಶೇ. 14 ಮುಟ್ಟುವುದು ಕಷ್ಟವೇನಲ್ಲ. ಸಿಹಿಯಲ್ಲಿ ಅದು ನಾಲಿಗೆಗೆ ಗೊತ್ತಾಗದು. ಅಂಥದ್ದು 200 ಎಂಎಲ್‌ನ ಒಂದು ಸ್ಟೀಲ್ ಲೋಟ ಕುಡಿದರೆ 28 ಎಂಎಲ್ ಮದ್ಯಸಾರ ಒಳಗೆ ಹೋಯಿತು. ವಿಸ್ಕಿಯ ಲೆಕ್ಕದಲ್ಲಿ 30 ಎಂಎಲ್‌ನ ಎರಡು ಪೆಗ್‌ಗಿಂತ ಜಾಸ್ತಿ.