ಸ್ಟೇಟ್ ಬ್ಯಾಂಕ್–ಸುರತ್ಕಲ್ ಬಸ್ಸಿನಲ್ಲಿ ಸೈಕಾಲಜಿ ಓದಿದ್ದು

ಮಂಗಳೂರಿನ ಸ್ಟೇಟ್ ಬ್ಯಾಂಕ್–ಸುರತ್ಕಲ್ ಸಿಟಿ ಬಸ್ಸಿನಲ್ಲಿ ನಾನು ಆರು ವರ್ಷ ಕಂಡಕ್ಟರ್ ಆಗಿದ್ದೆ. ಕೊನೆಯ ಮೂರು ವರ್ಷ ದೂರಶಿಕ್ಷಣದಲ್ಲಿ ಎಂ.ಎ. ಸೈಕಾಲಜಿಯನ್ನೂ ಓದಿದೆ. ಎರಡು ವರ್ಷದ ಕೋರ್ಸಿಗೆ ಮೂರು ವರ್ಷ ಹಿಡಿಯಿತು. ಯಾಕೆಂದರೆ ಒಂದು ಪೇಪರ್ ಹೋಯಿತು. ಅದೂ ಯಾವುದು? ನೆನಪು, ಗಮನ ಅಂತೆಲ್ಲ ಇರುವ ಕಾಗ್ನಿಟಿವ್ ಸೈಕಾಲಜಿ!

ನೆನಪಿನ ಪಾಠ ನನಗೆ ಮೊದಲು ಸಿಕ್ಕಿದ್ದು ಬಸ್ಸಿನಲ್ಲೇ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಯಾರದ್ದು ಟಿಕೆಟ್ ಆಗಿದೆ, ಯಾರದ್ದು ಇಲ್ಲ ಒಂದೂ ಗೊತ್ತಾಗುತ್ತಿರಲಿಲ್ಲ. ದುಡ್ಡು ಕೊಟ್ಟವರನ್ನೇ ಮತ್ತೆ ಕೇಳಿ ಬೈಸಿಕೊಳ್ಳುತ್ತಿದ್ದೆ. ನಮ್ಮ ಡ್ರೈವರಣ್ಣ ಹಿಂದೆ ಕಂಡಕ್ಟರ್ ಆಗಿದ್ದವರು. ಒಂದು ದಿನ ಚಾ ಕುಡಿಯುವಾಗ ಹೇಳಿದರು: "ಮುಖ ನೋಡ್ಬೇಡ ಮಾರಾಯ, ಸ್ಟಾಪ್ ನೋಡು. ಯಾರೊಟ್ಟಿಗೆ ಹತ್ತಿದ್ರು ನೋಡು."

ಹಾಗೇ ಮಾಡಿದೆ. ಲೇಡಿಹಿಲ್‌ನಲ್ಲಿ ಎಂಟು ಜನ ಹತ್ತಿದರು ಅನ್ನಿ. ಎಂಟು ಮುಖ ತಲೆಯಲ್ಲಿ ನಿಲ್ಲುವುದಿಲ್ಲ. ಆದರೆ ಕಾಲೇಜಿನ ಹುಡುಗಿಯರು ಮೂವರು, ಗಂಡ-ಹೆಂಡತಿ-ಮಗು ಒಂದು ಕಟ್ಟು, ಹೆಲ್ಮೆಟ್ ಹಿಡಿದು ಪಣಂಬೂರಿಗೆ ಡ್ಯೂಟಿಗೆ ಹೊರಟ ಇಬ್ಬರು ಅಂತ ಮಾಡಿಕೊಂಡರೆ ನೆನಪಿಡಬೇಕಾದ್ದು ಮೂರೇ. "ದುಂಬು ಪೋಲೆ, ದುಂಬು ಪೋಲೆ" (ತುಳುವಿನಲ್ಲಿ 'ಮುಂದೆ ಹೋಗಿ') ಅನ್ನುತ್ತಾ ಹಿಂದಿನಿಂದ ಮುಂದೆ ಹೋಗುವಷ್ಟರಲ್ಲಿ ಮೂರೂ ಕಟ್ಟು ಬಿಚ್ಚಿ ಟಿಕೆಟ್ ಆಗಿರುತ್ತಿತ್ತು.

ಆಮೇಲೆ ಪುಸ್ತಕ ತೆರೆದರೆ ಅದೇ ವಿಷಯ. ಒಂದು ಸಲಕ್ಕೆ ಮನಸ್ಸಿನಲ್ಲಿ ಹಿಡಿದಿಟ್ಟುಕೊಳ್ಳಲು ಆಗುವುದು ಸುಮಾರು ಏಳು, ಎರಡು ಹೆಚ್ಚು ಕಡಿಮೆ ಅಂತ ಅಮೆರಿಕದ ಮನಶ್ಶಾಸ್ತ್ರಜ್ಞ ಜಾರ್ಜ್ ಮಿಲ್ಲರ್ 1956ರಲ್ಲಿ ಬರೆದರು. ನೆಲ್ಸನ್ ಕೋವನ್ 2001ರಲ್ಲಿ ಅದನ್ನು ನಾಲ್ಕರ ಹತ್ತಿರಕ್ಕೆ ಇಳಿಸಿದರು. ನನ್ನ ಬಸ್ಸಿನ ಲೆಕ್ಕ ಕೋವನ್ ಕಡೆಗೇ ವಾಲುತ್ತದೆ. ಏಳೋ ನಾಲ್ಕೋ, ಅದು ಕಟ್ಟುಗಳ ಲೆಕ್ಕ. ಒಂದೊಂದು ಕಟ್ಟಿನೊಳಗೆ ಎಷ್ಟು ತುಂಬುತ್ತೀರಿ ಅನ್ನುವುದು ನಿಮ್ಮ ಅಭ್ಯಾಸಕ್ಕೆ ಬಿಟ್ಟದ್ದು.

ಎರಡು ವರ್ಷವಾಗುವಾಗ ನನಗೆ ಸ್ವಲ್ಪ ಜಂಬ ಬಂದಿತ್ತು. ನನ್ನ ನೆನಪಿನ ಶಕ್ತಿ ಜಾಸ್ತಿಯಾಗಿದೆ ಅಂದುಕೊಂಡಿದ್ದೆ. ಅದು ಇಳಿದದ್ದು ದಸರಾ ಮೆರವಣಿಗೆಯ ಸಂಜೆ. ಪೇಟೆಯ ದಾರಿ ಬಂದ್, ಬಸ್ಸನ್ನು ಬೇರೆ ಕಡೆಯಿಂದ ತಿರುಗಿಸಿದ್ದರು. ಸಿಕ್ಕಿದಲ್ಲಿ ಜನ ಹತ್ತಿದರು, ಹೊಸ ಮುಖಗಳು, ಎಲ್ಲರ ಕೈಯಲ್ಲೂ ಬಲೂನು. ಅರ್ಧ ಗಂಟೆಯಲ್ಲಿ ನಾನು ಮತ್ತೆ ಮೊದಲ ವಾರದ ಕಂಡಕ್ಟರ್. ಟಿಕೆಟ್ ಆದವರನ್ನೇ ಕೇಳಿದೆ, ಆಗದವರನ್ನು ಬಿಟ್ಟೆ. ರಾತ್ರಿ ಕಲೆಕ್ಷನ್ ಕಮ್ಮಿ ಬಂತು.

ಚೇಸ್ ಮತ್ತು ಸೈಮನ್ 1973ರಲ್ಲಿ ಚೆಸ್ ಆಟಗಾರರ ಮೇಲೆ ಮಾಡಿದ ಪ್ರಯೋಗ ಓದುವಾಗ ಆ ಸಂಜೆಯೇ ಕಣ್ಣ ಮುಂದೆ ಬಂತು. ನಿಜವಾದ ಆಟದ ನಡುವಿನ ಹಲಗೆಯನ್ನು ಐದು ಸೆಕೆಂಡ್ ತೋರಿಸಿದರೆ ಪಳಗಿದ ಆಟಗಾರ ಕಾಯಿಗಳನ್ನು ಹೊಸಬನಿಗಿಂತ ಎಷ್ಟೋ ಚೆನ್ನಾಗಿ ಮತ್ತೆ ಜೋಡಿಸುತ್ತಾನೆ. ಅದೇ ಕಾಯಿಗಳನ್ನು ಸುಮ್ನೆ ಎಲ್ಲೆಂದರಲ್ಲಿ ಇಟ್ಟು ತೋರಿಸಿದರೆ ಅವನೂ ಹೊಸಬನ ಹಾಗೆಯೇ. ನನ್ನದೂ ಅಷ್ಟೇ. ನೆನಪಿನ ಶಕ್ತಿ ಏನೂ ಬೆಳೆದಿರಲಿಲ್ಲ, ಸುರತ್ಕಲ್ ರೂಟ್ ಗೊತ್ತಿತ್ತು ಅಷ್ಟೇ.

ಇಷ್ಟೆಲ್ಲ ಗೊತ್ತಿದ್ದೂ ಫೇಲ್ ಆದದ್ದು ಹೇಗೆ ಅಂತ ಕೇಳಬಹುದು. ನಾನು ಓದುತ್ತಿದ್ದ ರೀತಿ ಹಾಗಿತ್ತು. ರಾತ್ರಿ ಬಂದು ನೋಟ್ಸಿಗೆ ಹಳದಿ ಗೆರೆ ಎಳೆಯುವುದು, ಮತ್ತೆ ಅದನ್ನೇ ಓದುವುದು. ಮೂರನೇ ಸಲಕ್ಕೆ ಎಲ್ಲ ಬಾಯಿಗೇ ಬಂದ ಹಾಗೆ ಅನಿಸುತ್ತಿತ್ತು. ಪರೀಕ್ಷೆಯಲ್ಲಿ ಹಳದಿ ಗೆರೆ ಯಾವ ಪುಟದಲ್ಲಿತ್ತು ಅಂತ ನೆನಪಿದೆ, ಗೆರೆಯ ಮೇಲೆ ಏನಿತ್ತು ಅಂತ ಇಲ್ಲ. ನೂರಕ್ಕೆ 34.

ರೋಡಿಗರ್ ಮತ್ತು ಕಾರ್ಪಿಕೆ 2006ರಲ್ಲಿ ತೋರಿಸಿದ್ದು ಇದನ್ನೇ. ಪಾಠವನ್ನು ಮತ್ತೆ ಮತ್ತೆ ಓದಿದವರು ಐದು ನಿಮಿಷದ ನಂತರದ ಪರೀಕ್ಷೆಯಲ್ಲಿ ಮುಂದಿದ್ದರು. ಒಂದು ವಾರ ಬಿಟ್ಟು ಕೇಳಿದಾಗ, ಪುಸ್ತಕ ಮುಚ್ಚಿ ನೆನಪಿನಿಂದ ಬರೆದು ನೋಡಿದವರು ಮುಂದೆ. ತಮಾಷೆ ಅಂದರೆ ಈ ಭಾಗಕ್ಕೂ ನಾನು ಹಳದಿ ಗೆರೆ ಎಳೆದಿದ್ದೆ!

ಎರಡನೇ ಸಲ ಪುಸ್ತಕವನ್ನು ಬಸ್ಸಿಗೆ ತರಲೇ ಇಲ್ಲ. ಮುಗಿದ ಟಿಕೆಟ್ ಪುಸ್ತಕದ ರಟ್ಟಿನ ಮೇಲೆ ಪ್ರಶ್ನೆ ಮಾತ್ರ ಬರೆದು ಜೇಬಿಗೆ ಹಾಕಿಕೊಂಡೆ. ಕೂಳೂರು ಸೇತುವೆಯ ಬ್ಲಾಕಿನಲ್ಲಿ ಬಸ್ಸು ನಿಂತರೆ ಒಂದು ರಟ್ಟು ತೆಗೆಯುವುದು, ಉತ್ತರ ಮನಸ್ಸಿನಲ್ಲೇ ಹೇಳಿಕೊಳ್ಳುವುದು. ಬರದಿದ್ದರೆ ರಟ್ಟಿನ ಮೂಲೆ ಮಡಚುವುದು. ಮಡಚಿದ್ದನ್ನು ಮಾತ್ರ ರಾತ್ರಿ ಪುಸ್ತಕದಲ್ಲಿ ನೋಡುತ್ತಿದ್ದೆ. ಬಂದದ್ದನ್ನು ನಾಲ್ಕು ದಿನ ಬಿಟ್ಟು ಮತ್ತೆ ಕೇಳಿಕೊಳ್ಳುತ್ತಿದ್ದೆ. ಮೊದಲ ಹದಿನೈದು ದಿನ ಎಲ್ಲ ಮೂಲೆಗಳೂ ಮಡಚಿಯೇ ಇದ್ದವು, ಬಿಟ್ಟುಬಿಡುವಾ ಅನಿಸಿತ್ತು. 61 ಬಂತು.

ಈಗ ಬಸ್ಸು ಬಿಟ್ಟು ಪಾಠ ಮಾಡುತ್ತಿದ್ದೇನೆ. ಮೊನ್ನೆ ಒಂದು ಮದುವೆಯಲ್ಲಿ ವಯಸ್ಸಾದ ಹೆಂಗಸೊಬ್ಬರು ನಕ್ಕು, "ನೆಂಪು ಉಂಡಾ?" ಅಂದರು, ನೆನಪಿದೆಯಾ ಅಂತ. ಮುಖ ಕಂಡಿದ್ದೇನೆ, ಯಾರಂತ ಹೊಳೆಯಲಿಲ್ಲ. "ಕುಳಾಯಿ ಸ್ಟಾಪ್ ಮಾರಾಯ್ರೆ, ಬೆಳಗ್ಗಿನ ಬಸ್ಸು" ಅಂದರು. ಅಷ್ಟೇ ಬೇಕಾದ್ದು. ಬಾಗಿಲ ಹತ್ತಿರದ ಸೀಟು, ಮೀನಿನ ಬುಟ್ಟಿ, ಟಿಕೆಟಿನ ಹಿಂದೆ ನಾನು ಬರೆದುಕೊಟ್ಟಿದ್ದ ಎರಡು ರೂಪಾಯಿ ಬಾಕಿ ಎಲ್ಲ ಬಂತು. ಬಾಕಿ ಅವರಿಗೂ ನೆನಪಿತ್ತು.