ಆ ಐದು ನಿಮಿಷ ಫೋನ್ ಎತ್ತುವವರು ಬೇಕು

ಸಿಗರೇಟು ಬಿಡಬೇಕು ಅಂದುಕೊಂಡವರು ನನ್ನನ್ನು ಮೊದಲು ಕೇಳುವುದು, "ಹೇಗೆ ತಡ್ಕೊಂಡ್ರಿ?" ಅಂತ. ನಾನೊಬ್ಬನೇ ತಡೆದುಕೊಳ್ಳಲಿಲ್ಲ, ನಾವು ನಾಲ್ಕು ಜನ ಸೇರಿ ತಡೆದುಕೊಂಡೆವು. ಪೀಣ್ಯದ ಒಂದು ಮಷಿನ್ ಶಾಪ್‌ನಲ್ಲಿ ನಮ್ಮ ಕೆಲಸ. ಒಬ್ಬ ಲೇತ್ ಆಪರೇಟರ್, ಒಬ್ಬ ವೆಲ್ಡರ್, ಸ್ಟೋರ್ಸ್ ನೋಡಿಕೊಳ್ಳುವ ಹಿರಿಯರೊಬ್ಬರು, ಮತ್ತೆ ಕ್ವಾಲಿಟಿ ವಿಭಾಗದ ನಾನು. ಗೇಟಿನಾಚೆಯ ಟೀ ಅಂಗಡಿ ಮುಂದೆ ವರ್ಷಗಟ್ಟಲೆ ಒಟ್ಟಿಗೆ ಸೇದಿದವರು. ಹಾಗಾಗಿ ಒಬ್ಬ ಬಿಟ್ಟು ಉಳಿದವರು ಸೇದುತ್ತಿದ್ದರೆ ಅದು ನಡೆಯುವ ಮಾತಲ್ಲ ಅಂತ ನಮಗೆಲ್ಲ ಗೊತ್ತಿತ್ತು.

ಶುರುಮಾಡುವ ಮೊದಲು ಸೆಳೆತ ಯಾಕೆ ಬರುತ್ತದೆ ಅಂತ ತಿಳಿದುಕೊಂಡದ್ದು ತುಂಬ ಸಹಾಯ ಮಾಡಿತು. ಹೊಗೆ ಎಳೆದ ಹತ್ತಿಪ್ಪತ್ತು ಸೆಕೆಂಡಿನಲ್ಲಿ ನಿಕೋಟಿನ್ ಮಿದುಳು ತಲುಪುತ್ತದೆ. ಅಲ್ಲಿ ಡೋಪಮೈನ್ ಬಿಡುಗಡೆಯಾಗಿ ಹಾಯೆನಿಸುತ್ತದೆ. ಆದರೆ ರಕ್ತದಲ್ಲಿರುವ ನಿಕೋಟಿನ್ ಸುಮಾರು 2 ಗಂಟೆಯಲ್ಲಿ ಅರ್ಧಕ್ಕೆ ಇಳಿದುಬಿಡುತ್ತದೆ. ಬೆಳಗಿನ ಟೀಗೆ ಒಂದು ಸೇದಿದವನ ಕೈ ಊಟಕ್ಕೆ ಮೊದಲೇ ಮತ್ತೆ ಜೇಬಿಗೆ ಹೋಗುವುದು ಇದಕ್ಕೇ. ರಾತ್ರಿಯಿಡೀ ಸೇದದೆ ಎದ್ದವನಿಗೆ ಮೊದಲ ಸಿಗರೇಟು ಅಷ್ಟು ರುಚಿಸುವುದೂ ಇದಕ್ಕೇ. ಬಿಟ್ಟ ಮೇಲೆ ಮೊದಲ 2-3 ದಿನ ಜಾಸ್ತಿ ಕಷ್ಟ. ಸಿಟ್ಟು, ತಳಮಳ, ನಿದ್ದೆ ಬಾರದಿರುವುದು, ಸಿಕ್ಕಾಪಟ್ಟೆ ಹಸಿವು, ಕೆಲವರಿಗೆ ಮಲಬದ್ಧತೆ. ಮೂರ್ನಾಲ್ಕು ವಾರ ಕಳೆಯುವಷ್ಟರಲ್ಲಿ ಇವೆಲ್ಲ ಬಹುಮಟ್ಟಿಗೆ ತಗ್ಗುತ್ತವೆ. ಎಲ್ಲಕ್ಕಿಂತ ಮುಖ್ಯವಾದದ್ದು, ಒಂದೊಂದು ಸೆಳೆತದ ಜೋರು ಸಾಮಾನ್ಯವಾಗಿ ಇರುವುದು ಮೂರರಿಂದ ಐದು ನಿಮಿಷ ಅಷ್ಟೇ. "ಸೇದಿದ್ರೂ ಹೋಗತ್ತೆ, ಸೇದದಿದ್ರೂ ಹೋಗತ್ತೆ" ಅಂತ ಸ್ಟೋರ್ಸ್‌ನವರು ಹೇಳುತ್ತಿದ್ದರು. ಆದರೆ ಆ ಐದು ನಿಮಿಷದಲ್ಲಿ ನಮಗೆ ಹಾಗೆ ಅನ್ನಿಸುವುದಿಲ್ಲವಲ್ಲ. ಅದು ಮುಗಿಯುವುದೇ ಇಲ್ಲ ಅನ್ನಿಸುತ್ತದೆ. ಆಗಲೇ ಇನ್ನೊಬ್ಬರು ಬೇಕಾಗುವುದು.

ನಮ್ಮ ಒಪ್ಪಂದ ಇಷ್ಟೇ. ಸೇದಬೇಕು ಅನ್ನಿಸಿದರೆ, ಹಚ್ಚುವ ಮೊದಲು ನಾಲ್ವರಲ್ಲಿ ಒಬ್ಬರಿಗೆ ಫೋನ್ ಮಾಡಬೇಕು. ಎಷ್ಟು ಹೊತ್ತಾದರೂ ಸರಿ. ಫೋನ್ ಎತ್ತಿದವರು ಬುದ್ಧಿ ಹೇಳಬಾರದು. ಈ ಎರಡನೆಯ ಮಾತಿನ ಬೆಲೆ ನನಗೆ ಆಮೇಲೆ ಚೆನ್ನಾಗಿ ತಿಳಿಯಿತು. ಕ್ಯಾನ್ಸರ್ ಬರುತ್ತದೆ, ಹೆಂಡತಿ ಮಕ್ಕಳ ಗತಿಯೇನು ಅನ್ನುವುದೆಲ್ಲ ಸೇದುವವನಿಗೆ ಗೊತ್ತಿಲ್ಲದ್ದಲ್ಲ. ತಳಮಳದಲ್ಲಿರುವಾಗ ಅದನ್ನೇ ಕೇಳಿಸಿಕೊಂಡರೆ ಸಿಟ್ಟು ಇನ್ನೂ ಏರುತ್ತದೆ, ಆ ಸಿಟ್ಟೇ ಅಂಗಡಿಗೆ ಕರೆದುಕೊಂಡು ಹೋಗುತ್ತದೆ.

ಮೊದಲ ವಾರದ ಒಂದು ನೈಟ್ ಶಿಫ್ಟ್ ಹೇಳುತ್ತೇನೆ. ಬೆಳಗಿನ ಜಾವ ಮೂರು ಗಂಟೆ ಹೊತ್ತು. ಒಂದು ಲಾಟ್ ರಿಜೆಕ್ಟ್ ಆಗಿ ಸೂಪರ್‌ವೈಸರ್ ಜೊತೆ ಮಾತಿಗೆ ಮಾತು ಬೆಳೆದಿತ್ತು. ಹೊರಗೆ ಬಂದು ಕಂಪ್ರೆಸರ್ ಶೆಡ್ ಪಕ್ಕ ನಿಂತೆ. ಬೆರಳು ನಡುಗುತ್ತಿತ್ತು. ಸೆಕ್ಯುರಿಟಿಯವರ ಹತ್ತಿರ ಸಿಗರೇಟು ಇರುತ್ತದೆ ಅಂತ ಗೊತ್ತು. ಸ್ಟೋರ್ಸ್‌ನವರಿಗೆ ಫೋನ್ ಮಾಡಿದೆ. ನಿದ್ದೆಗಣ್ಣಿನಲ್ಲೇ ಎತ್ತಿ, "ಎಲ್ಲಿದ್ದೀಯ? ಎದುರಿಗೆ ಏನು ಕಾಣ್ತಿದೆ?" ಅಂದರು. ಆಯಿಲ್ ಡ್ರಮ್ ಅಂದೆ. "ಅದರ ಮೇಲೆ ಬರೆದಿರೋದು ಓದು." ಗ್ರೇಡ್, ಬ್ಯಾಚ್ ನಂಬರ್, ತುಂಬಿದ ತಾರೀಕು, ಒಂದೊಂದೇ ಓದಿದೆ. ಒಂದು ಡ್ರಮ್ಮಿನ ತಾರೀಕು ಹಳೆಯದು ಅಂತ ಅವರು ತಡೆದರು. ಅದನ್ನು ಮೊದಲು ಖಾಲಿ ಮಾಡಬೇಕಿತ್ತು, ಯಾರು ಹಿಂದೆ ತಳ್ಳಿದರು ಅಂತ ಮಾತು ಅತ್ತ ಹೋಯಿತು. ಸಿಗರೇಟಿನ ಸುದ್ದಿಯೇ ಬರಲಿಲ್ಲ. ಫೋನ್ ಇಡುವ ಹೊತ್ತಿಗೆ ಕೈ ನಡುಕ ನಿಂತಿತ್ತು. ಇವತ್ತಿಗೂ ಯಾರಾದರೂ ನನಗೆ ಫೋನ್ ಮಾಡಿದರೆ ನಾನು ಮೊದಲು ಕೇಳುವುದು ಅದನ್ನೇ, ಎದುರಿಗೆ ಏನು ಕಾಣ್ತಿದೆ ಅಂತ.

ಫೋನ್ ಒಂದನ್ನೇ ನಂಬಿ ಕೂತಿರಲಿಲ್ಲ. ನನಗೂ ಲೇತ್ ಆಪರೇಟರ್‌ಗೂ ನಿಕೋಟಿನ್ ಗಮ್ ಬೇಕಾಯಿತು, ಅಂದರೆ ಹೊಗೆಯಿಲ್ಲದೆ ಸ್ವಲ್ಪ ನಿಕೋಟಿನ್ ಕೊಟ್ಟು ಸೆಳೆತ ತಗ್ಗಿಸುವ ಗಮ್. ಇದನ್ನು ಸೋಲು ಅಂತ ತಿಳಿಯುವವರಿದ್ದಾರೆ, ನಾನು ಒಪ್ಪುವುದಿಲ್ಲ. 2022ರ ನಮ್ಮ ದೇಶದ ಅಗತ್ಯ ಔಷಧಿಗಳ ಪಟ್ಟಿಯಲ್ಲೇ ನಿಕೋಟಿನ್ ಬದಲಿ ಚಿಕಿತ್ಸೆ ಸೇರಿದೆ. 2 ಮಿಲಿಗ್ರಾಂನ ಗಮ್ ಮೆಡಿಕಲ್ ಶಾಪ್‌ನಲ್ಲಿ ಸುಲಭವಾಗಿ ಸಿಗುತ್ತದೆ, 4 ಮಿಲಿಗ್ರಾಂನದಕ್ಕೆ ಡಾಕ್ಟರ್ ಚೀಟಿ ಬೇಕು. ಹೃದಯದ ತೊಂದರೆ ಇರುವವರು, ಗರ್ಭಿಣಿಯರು ಯಾವುದಕ್ಕೂ ಡಾಕ್ಟರನ್ನು ಕೇಳಿಯೇ ತೆಗೆದುಕೊಳ್ಳಬೇಕು. ಬಬಲ್ ಗಮ್ ಹಾಗೆ ಸುಮ್ನೆ ಅಗಿಯುತ್ತಾ ಹೋದರೆ ಬಿಕ್ಕಳಿಕೆ, ಎದೆ ಉರಿ ಬರುತ್ತದೆ. ನಿಧಾನವಾಗಿ ಅಗಿಯಬೇಕು, ಬಾಯಲ್ಲಿ ಚುರುಚುರು ಅಂದಾಗ ಕೆನ್ನೆ ಮತ್ತು ವಸಡಿನ ನಡುವೆ ಒತ್ತರಿಸಿ ಇಟ್ಟುಕೊಳ್ಳಬೇಕು. ಚುರುಚುರು ಕಡಿಮೆಯಾದರೆ ಮತ್ತೆ ಅಗಿಯಬೇಕು. ಗಮ್ ಹಾಕಿಕೊಳ್ಳುವ 15 ನಿಮಿಷ ಮೊದಲು ಮತ್ತು ಅದು ಬಾಯಲ್ಲಿರುವಷ್ಟು ಹೊತ್ತು ಕಾಫಿ, ಜ್ಯೂಸ್ ಕುಡಿಯಬಾರದು. ಕುಡಿದರೆ ನಿಕೋಟಿನ್ ಸರಿಯಾಗಿ ಹೀರಿಕೊಳ್ಳುವುದಿಲ್ಲ.

ಕಾಫಿ ಅಂದಾಗ ನೆನಪಾಯಿತು, ಇದನ್ನು ಹೇಳುವವರು ಕಡಿಮೆ. ಸಿಗರೇಟಿನ ಹೊಗೆ ನಮ್ಮ ಲಿವರ್ ಕೆಫೀನನ್ನು ಬೇಗ ಕರಗಿಸುವಂತೆ ಮಾಡಿರುತ್ತದೆ. ಸೇದುವುದು ನಿಲ್ಲಿಸಿದ ಕೆಲವೇ ದಿನಗಳಲ್ಲಿ ಆ ವೇಗ ಇಳಿಯುತ್ತದೆ. ಮೊದಲಿನಷ್ಟೇ ಕಾಫಿ ಕುಡಿದರೂ ಮೈಯಲ್ಲಿ ಕೆಫೀನ್ ಜಾಸ್ತಿ ಉಳಿಯುತ್ತದೆ. ಎದೆ ಡವಡವ, ನಿದ್ದೆ ಇಲ್ಲ, ಸುಮ್ಮಸುಮ್ಮನೆ ರೇಗಾಟ. ಇದೆಲ್ಲ ಸಿಗರೇಟು ಬಿಟ್ಟದ್ದರಿಂದಲೇ ಅಂದುಕೊಂಡು ಮತ್ತೆ ಸೇದಿದವರನ್ನು ನೋಡಿದ್ದೇನೆ. ನಾವು ನಾಲ್ವರೂ ಕಾಫಿ ಟೀ ಅರ್ಧಕ್ಕೆ ಇಳಿಸಿದೆವು. ಒಂದು ಲೋಟದ ಬದಲು ಬೈ ಟೂ. ಅದನ್ನೂ ಅಂಗಡಿ ಮುಂದೆ ನಿಂತು ಕುಡಿಯದೆ ಒಳಗೆ ತರಿಸಿಕೊಂಡೆವು. ನಿದ್ದೆ ಬೇಗ ಹಾದಿಗೆ ಬಂತು.

ಬಾಯಿಗೆ ಏನಾದರೂ ಬೇಕು ಅನ್ನುವ ಚಪಲಕ್ಕೆ ಲವಂಗ, ಏಲಕ್ಕಿ, ಸೋಂಪು ಇಟ್ಟುಕೊಂಡಿದ್ದೆವು. ಅಡಿಕೆ ಬೇಡವೇ ಬೇಡ ಅಂತ ಮೊದಲೇ ತೀರ್ಮಾನವಾಗಿತ್ತು. ಸಿಗರೇಟು ಬಿಟ್ಟು ಅಡಿಕೆ, ಗುಟ್ಕಾ ಹಿಡಿದವರು ನಮ್ಮ ಕಡೆ ಬೇಕಾದಷ್ಟು ಜನ ಸಿಗುತ್ತಾರೆ. ತಂಬಾಕು ಸೇರಿಸದ ಬರೀ ಅಡಿಕೆಯನ್ನೂ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಕ್ಯಾನ್ಸರ್ ತರುವ ವಸ್ತುಗಳ ಸಾಲಿಗೆ ಸೇರಿಸಿದೆ.

ನಾಲ್ವರಲ್ಲಿ ವೆಲ್ಡರ್ ನಡುವೆ ಒಮ್ಮೆ ಸೇದಿದ. ಊರಿನ ಜಾತ್ರೆಗೆ ಹೋಗಿದ್ದ, ಹಳೆ ಗೆಳೆಯರು ಸಿಕ್ಕಿದ್ದರು. ಬಿಡಿ ಸಿಗರೇಟು ಮಾರುವುದಕ್ಕೆ ನಮ್ಮ ರಾಜ್ಯದಲ್ಲಿ ನಿಷೇಧ ಇದೆ, ಆದರೂ ಒಂದೊಂದೇ ಕೈಗೆ ಸಿಗುತ್ತದೆ. ಪೂರ್ತಿ ಪ್ಯಾಕ್ ಕೊಳ್ಳಬೇಕಿದ್ದರೆ ಅವನು ಯೋಚಿಸುತ್ತಿದ್ದ. ಮಾರನೆಯ ದಿನ ಅವನೇ ಫೋನ್ ಮಾಡಿದ. ನಾವು ಬೈಯಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಎಷ್ಟು ಹೊತ್ತಿಗೆ, ಯಾರ ಜೊತೆ, ಹೊಟ್ಟೆ ತುಂಬಿತ್ತಾ, ಕುಡಿದಿದ್ಯಾ, ಯಾಕೆ ಫೋನ್ ಬರಲಿಲ್ಲ ಅಂತ ಒಂದೊಂದೇ ಕೇಳಿದೆವು. ಗದ್ದೆ ಬಯಲಲ್ಲಿ ಸಿಗ್ನಲ್ ಇರಲಿಲ್ಲ ಅಂದ. ಸರಿ, ಮುಂದಿನ ಸಲ ಊರಿಗೆ ಹೋಗುವಾಗ ಸೇದದ ಅವನ ಭಾವಮೈದುನನಿಗೆ ಮೊದಲೇ ಹೇಳಿಡುವುದು ಅಂತ ಮಾಡಿದೆವು. ಆ ಭಾವಮೈದುನ ಅವನ ಪಕ್ಕ ಬಿಟ್ಟು ಕದಲಲಿಲ್ಲವಂತೆ. ಒಂದು ಸೇದಿದ್ದಕ್ಕೆ "ಎಲ್ಲ ಹಾಳಾಯ್ತು" ಅಂತ ಕೈಬಿಡುವುದು ನನಗಂತೂ ತುಂಬ ನೋವು ಕೊಡುವ ವಿಷಯ. ಅಷ್ಟು ದಿನ ತಡೆದದ್ದು ಎಲ್ಲಿಗೂ ಹೋಗಿರುವುದಿಲ್ಲ, ಅಲ್ವಾ?

ತಿಂಗಳುಗಳು ಕಳೆದ ಮೇಲೂ ಸೆಳೆತ ಬರುತ್ತದೆ. ಮದುವೆ ಮನೆ, ಮಳೆ, ಬಸ್ಸಿಗೆ ಕಾಯುವಾಗ, ಯಾವಾಗ ಬೇಕಾದರೂ. ಮೈಗೆ ನಿಕೋಟಿನ್ ಬೇಕಾಗಿ ಬರುವುದಲ್ಲ ಅದು, ಹಳೆ ಅಭ್ಯಾಸ. ಬೇಗ ಹೋಗುತ್ತದೆ. ಆಗಲೂ ಫೋನ್ ಮಾಡುತ್ತೇನೆ, ಸಂಕೋಚವಿಲ್ಲ.

ಜೊತೆಗೆ ಯಾರೂ ಸಿಗಲಿಲ್ಲ ಅನ್ನುವವರು ಕೈಯಲ್ಲಿರುವ ಪ್ಯಾಕನ್ನೇ ತಿರುಗಿಸಿ ನೋಡಿ. 1800-11-2356 ಅಂತ ಅಲ್ಲೇ ಅಚ್ಚಾಗಿರುತ್ತದೆ. ಅದು ಸರ್ಕಾರದ ಕ್ವಿಟ್‌ಲೈನ್, ಅಂದರೆ ತಂಬಾಕು ಬಿಡುವವರ ಸಹಾಯವಾಣಿ, ಕರೆಗೆ ದುಡ್ಡಿಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ಅದರ ಕೇಂದ್ರವಿದೆ, ಕನ್ನಡದಲ್ಲೇ ಮಾತಾಡಬಹುದು. ಬಿಡುವ ದಿನ ಗೊತ್ತುಮಾಡಲು ಸಹಾಯ ಮಾಡಿ, ಆಮೇಲೆ ಅವರೇ ಮತ್ತೆ ಫೋನ್ ಮಾಡಿ ವಿಚಾರಿಸುತ್ತಾರೆ. ಅದರ ಜೊತೆಗೆ ನಿಮ್ಮ ಹಾಗೇ ಬಿಡಲು ಹೊರಟಿರುವ ಅಥವಾ ಸೇದಿ ಬಿಟ್ಟ ಒಬ್ಬರನ್ನು ಹುಡುಕಿಕೊಳ್ಳಿ. ಅವರಿಗೆ ಹೇಳಬೇಕಾದದ್ದು ಎರಡೇ ಮಾತು: ನಾನು ಯಾವ ಹೊತ್ತಿನಲ್ಲಿ ಮಾಡಿದರೂ ಫೋನ್ ಎತ್ತಿ, ಬುದ್ಧಿ ಮಾತ್ರ ಹೇಳಬೇಡಿ.